ನಾಣ್ಯ ಇಡೋ ಹಾಳೆ: ಯಾವ ಪ್ಲಾಸ್ಟಿಕ್ ನಂಬಬೇಕು?

ಹೈದರಾಬಾದ್ ಸಂಸ್ಥಾನದ ಬೆಳ್ಳಿ ರೂಪಾಯಿ ನಮ್ಮ ಭಾಗದ ಮನೆಗಳಲ್ಲಿ ಹುಡುಕಿದರೆ ಇವತ್ತಿಗೂ ಸಿಗುತ್ತದೆ. ಒಂದು ಮುಖದ ಮೇಲೆ ಚಾರ್‌ಮಿನಾರ್, ಅದರ ನಡುವಿನ ಬಾಗಿಲಲ್ಲಿ ಒಂದೇ ಒಂದು ಅಕ್ಷರ. ಆ ಅಕ್ಷರ ‘ಮೀಮ್’ ಆಗಿದ್ದರೆ ಮೀರ್ ಮಹಬೂಬ್ ಅಲಿ ಖಾನರ ಕಾಲದ್ದು, ‘ಐನ್’ ಆಗಿದ್ದರೆ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದ್ದು. ತೂಕ 11 ಗ್ರಾಂಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಬೆಳ್ಳಿ ನೂರಕ್ಕೆ 82ರ ಹತ್ತಿರ, ಉಳಿದದ್ದು ಬಹುತೇಕ ತಾಮ್ರ. ಆ ಉಳಿದ 18 ಪಾಲು ತಾಮ್ರವನ್ನು ನೆನಪಿಡ್ರಿ. ಈ ಲೇಖನದ ಅರ್ಧ ಕಥೆ ಅದರದ್ದೇ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. 1948ರ ಸೆಪ್ಟೆಂಬರ್‌ವರೆಗೆ ನಮ್ಮದು ನಿಜಾಮರ ಸೀಮೆ, ಇಲ್ಲಿ ನಡೆಯುತ್ತಿದ್ದದ್ದು ‘ಹಾಲಿ ಸಿಕ್ಕಾ’. ಬ್ರಿಟಿಷರ ಆರು ರೂಪಾಯಿಗೆ ನಿಜಾಮರ ಏಳು ರೂಪಾಯಿ ಸಮ. ಪಕ್ಕದ ಸೊಲ್ಲಾಪುರ ಮುಂಬೈ ಪ್ರಾಂತ್ಯದಲ್ಲಿತ್ತು, ಅಲ್ಲಿ ಬ್ರಿಟಿಷರ ನಾಣ್ಯ. ಹಂಗಾಗಿ ನಮ್ಮ ಕಡೆಯ ಹಳೆಯ ಡಬ್ಬಿಗಳಲ್ಲಿ ನಿಜಾಮರ ಚಾರ್‌ಮಿನಾರೂ ಐದನೇ ಜಾರ್ಜನ ತಲೆಯೂ ಒಟ್ಟೊಟ್ಟಿಗೇ ಕೂತಿರುತ್ತವೆ. ಜೊತೆಗೆ ಚೌಕಾಕಾರದ ಒಂದಾಣೆ, ನಡುವೆ ತೂತಿರುವ ಎರಡು ಪೈ, 1957ರ ನಂತರದ ನಯಾ ಪೈಸೆ, ತಾವರೆ ಹೂವಿನ 20 ಪೈಸೆ, ಅಲ್ಯೂಮಿನಿಯಂನ ಒಂದು, ಎರಡು, ಮೂರು ಪೈಸೆ. ಅದೃಷ್ಟ ಇದ್ದರೆ ದಪ್ಪನೆಯ, ಅಂಕುಡೊಂಕಿನ ಬಹಮನಿ ತಾಮ್ರದ ದುಡ್ಡು. 1347ರಲ್ಲಿ ಕಲಬುರಗಿ ರಾಜಧಾನಿ ಆದ ಮೇಲೆ ಹೊರಟ ವಂಶದ ನಾಣ್ಯ ಕಲಬುರಗಿ ಜಿಲ್ಲೆಯಲ್ಲಿ ಸಿಗದೆ ಇನ್ನೆಲ್ಲಿ ಸಿಗಬೇಕು.

ಇಂಥವನ್ನು ಜೋಪಾನ ಮಾಡಬೇಕು ಅಂತ ಮನಸ್ಸಾದ ಕೂಡಲೇ ನಾವು ಮೊದಲು ಮಾಡುವ ಕೆಲಸ ಒಂದು ಆಲ್ಬಮ್ ತರುವುದು. ಹಾನಿ ಶುರುವಾಗುವುದೂ ಬಹಳ ಸಲ ಅಲ್ಲಿಂದಲೇ.

ನರೋಣಾದಲ್ಲಿ ನಮ್ಮ ಮನೆಯ ಸಂಗ್ರಹ ದೊಡ್ಡದೇನಲ್ಲ. ಅಜ್ಜನ ಹಿತ್ತಾಳೆ ಡಬ್ಬಿಯಲ್ಲಿದ್ದ ಎಪ್ಪತ್ತರ ಹತ್ತಿರ ನಾಣ್ಯ. ಏಳೆಂಟು ವರ್ಷದ ಹಿಂದೆ ಕಾಕಾ ಪ್ಯಾಟಿಯಿಂದ ಒಂದು ಆಲ್ಬಮ್ ತಂದು, ಒಂದೊಂದು ಕಿಸೆಯಲ್ಲಿ ಒಂದೊಂದು ನಾಣ್ಯ ಹಾಕಿ, ಚಂದ ಜೋಡಿಸಿ ಟ್ರಂಕಿನಲ್ಲಿಟ್ಟರು. ಆಲ್ಬಮಿನಲ್ಲಿ ಜಾಗ ಸಾಲದೆ ಹದಿನೈದಿಪ್ಪತ್ತು ನಾಣ್ಯ ಡಬ್ಬಿಯಲ್ಲೇ ಉಳಿದವು. ಹೋದ ದೀಪಾವಳಿಗೆ ಲಕ್ಷ್ಮೀ ಪೂಜೆಗೆ ಅಂತ ತೆಗೆದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಹಳದಿಗೆ ತಿರುಗಿದ್ದವು. ತೂತಿನ ಎರಡು ಪೈಗಳ ಮೇಲೆ ಹಸಿರು ಜಿಗುಟು. ಬೆಳ್ಳಿ ರೂಪಾಯಿಯ ಅಂಚಿನಲ್ಲೂ ಹಸಿರು ಗೆರೆ. ಡಬ್ಬಿಯಲ್ಲಿ ಉಳಿದವು ಮಾತ್ರ ಮಾಸಿದ್ದವು ಅಷ್ಟೇ, ಹಾಳಾಗಿರಲಿಲ್ಲ. ‘ಡಬ್ಬಿಯೊಳಗೇ ಬಿಟ್ಟಿದ್ರ ಚಲೋ ಇತ್ತು’ ಅಂದಳು ಅಜ್ಜಿ. ಯಾರೂ ಬೇಕಂತ ಮಾಡದ ಪ್ರಯೋಗ ಅದು. ಒಂದೇ ಮನೆ, ಒಂದೇ ಟ್ರಂಕು, ಒಂದೇ ಹವೆ. ಬದಲಾದದ್ದು ಪ್ಲಾಸ್ಟಿಕ್ ಒಂದೇ. ಕಂಟ್ರೋಲ್ ಸ್ಯಾಂಪಲ್ ಅಂತ ಲ್ಯಾಬಿನಲ್ಲಿ ನಾವು ಬರೆಯುತ್ತೇವಲ್ಲ, ಅದೇ.

ಹಾಳೆಯೊಳಗೆ ಏನು ನಡೆಯಿತು?

ಮೊದಲ ವರ್ಷದ ಎಂಜಿನಿಯರಿಂಗ್ ಕೆಮಿಸ್ಟ್ರಿಯಲ್ಲಿ ಪಾಲಿಮರ್ ಒಂದು ಯೂನಿಟ್, ಕರೋಷನ್ ಇನ್ನೊಂದು ಯೂನಿಟ್. ಪರೀಕ್ಷೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬರೆದು ಮುಗಿಸುತ್ತೇವೆ. ಅಜ್ಜನ ನಾಣ್ಯದ ಮೇಲೆ ಅವೆರಡೂ ಒಂದಾದವು.

ಅಂಗಡಿಯ ಅಗ್ಗದ ಆಲ್ಬಮ್ ಹಾಳೆ ಬಹಳ ಸಲ ಪಿವಿಸಿ, ಅಂದ್ರೆ ಪಾಲಿವಿನೈಲ್ ಕ್ಲೋರೈಡ್. ಶುದ್ಧ ಪಿವಿಸಿ ಗಡುಸು, ನೀರಿನ ಪೈಪ್ ನೆನೆಸಿಕೊಳ್ಳಿ. ಅದರ ಗ್ಲಾಸ್ ಟ್ರಾನ್ಸಿಷನ್ ಉಷ್ಣತೆ 80 ಡಿಗ್ರಿ ಆಸುಪಾಸು. ಅದನ್ನು ಮಡಚುವ ಹಾಳೆ ಮಾಡಬೇಕಾದರೆ ಪಾಲಿಮರ್ ಸರಪಳಿಗಳ ನಡುವೆ ಎಣ್ಣೆಯಂಥ ದ್ರವ ಸೇರಿಸಬೇಕು, ಅದೇ ಪ್ಲಾಸ್ಟಿಸೈಜರ್. ಥ್ಯಾಲೇಟ್ ಜಾತಿಯ ಡಿಓಪಿ ಇದರಲ್ಲಿ ಹಳೆಯ ಹೆಸರು. ಮೃದು ಹಾಳೆಯೊಂದರಲ್ಲಿ ತೂಕದ ಮೂರನೇ ಒಂದು ಭಾಗದಷ್ಟು ಇದೇ ಇರಬಹುದು. ಮುಖ್ಯ ಸಂಗತಿ ಏನಂದ್ರೆ, ಈ ದ್ರವ ಪಾಲಿಮರ್‌ಗೆ ರಾಸಾಯನಿಕವಾಗಿ ಕಟ್ಟಿಕೊಂಡಿರುವುದಿಲ್ಲ, ಸುಮ್ಮನೆ ನಡುವೆ ಸಿಕ್ಕಿಕೊಂಡಿರುತ್ತದೆ. ವರ್ಷಗಳು ಕಳೆದಂತೆ ನಿಧಾನವಾಗಿ ಹೊರಗೆ ಬರುತ್ತದೆ. ಹೊಸ ರೇನ್‌ಕೋಟಿನ ವಾಸನೆ ಗೊತ್ತಲ್ಲ, ಆ ಜಾತಿಯದ್ದೇ. ನಾಣ್ಯದ ಮೇಲಿನ ಜಿಗುಟು ಮೊದಲು ಇದರಿಂದ.

ಎರಡನೆಯದು ಹೆಚ್ಚು ಕೆಟ್ಟದ್ದು. ಬಿಸಿ, ಬೆಳಕು ತಾಗಿದಾಗ ಪಿವಿಸಿ ಸರಪಳಿಯಿಂದ ಒಂದು ಕ್ಲೋರಿನ್, ಪಕ್ಕದ ಒಂದು ಹೈಡ್ರೋಜನ್ ಕೂಡಿ ಹೈಡ್ರೋಜನ್ ಕ್ಲೋರೈಡ್ ಆಗಿ ಹೊರಬೀಳುತ್ತದೆ. ಅಲ್ಲಿ ಡಬಲ್ ಬಾಂಡ್ ಉಳಿಯುತ್ತದೆ. ಡಬಲ್ ಬಾಂಡಿನ ಪಕ್ಕದ ಕ್ಲೋರಿನ್ ಇನ್ನೂ ಸಡಿಲ, ಅದೂ ಬೀಳುತ್ತದೆ. ಜಿಪ್ ಎಳೆದ ಹಾಗೆ ಸಾಲಾಗಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಹೊರಬಂದ ಆಸಿಡ್ ಮುಂದಿನ ಕ್ರಿಯೆಗೆ ತಾನೇ ವೇಗವರ್ಧಕ. ಹಳೆಯ ಹಾಳೆ ಹಳದಿ ಆಗುವುದು ಈ ಸಾಲು ಡಬಲ್ ಬಾಂಡುಗಳಿಂದ, ಕೊಳೆಯಿಂದಲ್ಲ. ಹಳದಿ ಕಂಡಿತು ಅಂದ್ರೆ ಆಸಿಡ್ ಆಗಲೇ ಹೊರಗೆ ಬಂದಿದೆ ಅಂತಲೇ ಲೆಕ್ಕ.

ಆ ಆಸಿಡ್, ಗಾಳಿಯ ತೇವ, ಆಕ್ಸಿಜನ್ ಮೂರೂ ತಾಮ್ರಕ್ಕೆ ಸಿಕ್ಕರೆ ತಾಮ್ರದ ಕ್ಲೋರೈಡುಗಳಾಗುತ್ತವೆ, ಹಸಿರು ಬಣ್ಣ ಅದರದ್ದು. ಶುದ್ಧ ಬೆಳ್ಳಿಗೆ ಇದರಿಂದ ಅಷ್ಟು ಭಯವಿಲ್ಲ, ಆದರೆ ನಾಣ್ಯದ ಬೆಳ್ಳಿ ಶುದ್ಧವಲ್ಲವಲ್ಲ. ಮಿಶ್ರಣದ ತಾಮ್ರ ಕೊರೆದುಹೋಗುತ್ತದೆ. ಬ್ರಿಟಿಷರು 1940ರಿಂದ 1945ರವರೆಗೆ ಹೊರಡಿಸಿದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದು ತಾಮ್ರ ನೂರಕ್ಕೆ 40 ಆಗಿತ್ತು, ಅದಕ್ಕೆ ಅಪಾಯ ಇನ್ನೂ ಜಾಸ್ತಿ. ಕಂಚಿನ ಪೈ, ನಯಾ ಪೈಸೆಗಳಂತೂ ಬಹುತೇಕ ಪೂರಾ ತಾಮ್ರವೇ. ಅಲ್ಯೂಮಿನಿಯಂ ಪೈಸೆಗಳ ಮೇಲಿನ ತೆಳುವಾದ ಆಕ್ಸೈಡ್ ಪದರವನ್ನು ಕ್ಲೋರೈಡ್ ಅಲ್ಲಲ್ಲಿ ಒಡೆದು ಸಣ್ಣ ಗುಂಡಿ ಮಾಡುತ್ತದೆ. ಈಗಿನ ಸ್ಟೀಲ್ ನಾಣ್ಯಗಳಿಗೆ ಅವಸರವಿಲ್ಲ.

ಇನ್ನು ನಮ್ಮ ಹವೆ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ಕಡೆ 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ತಗಡಿನ ಮಾಳಿಗೆ ಕೆಳಗಿನ ಕಬ್ಬಿಣದ ಟ್ರಂಕಿನೊಳಗೆ ಅದಕ್ಕಿಂತ ಹೆಚ್ಚು. ಹತ್ತು ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ದುಪ್ಪಟ್ಟು ಅಂತ ಅರೇನಿಯಸ್ ಸಮೀಕರಣದಿಂದ ಬರುವ ಒರಟು ಲೆಕ್ಕ ಇದೆಯಲ್ಲ. 25 ಡಿಗ್ರಿಯ ಕೋಣೆಗಿಂತ 45 ಡಿಗ್ರಿಯ ಟ್ರಂಕಿನಲ್ಲಿ ನಾಲ್ಕು ಪಟ್ಟು. ತಂಪು ದೇಶದವರು ಈ ಹಾಳೆ ಹತ್ತು ವರ್ಷ ತಡೆಯುತ್ತದೆ ಅಂದರೆ ನಾವು ಅದನ್ನು ಎರಡು-ಮೂರು ವರ್ಷ ಅಂತ ಓದಿಕೊಳ್ಳಬೇಕು. ಬೇಸಿಗೆಗೆ ಮೊದಲೇ ಹಾಳೆ ಬದಲಿಸಿ ಅಂತ ನಾನು ಮನೆಯಲ್ಲಿ ಹಟ ಹಿಡಿದದ್ದು ಇದಕ್ಕೇ.

ಮತ್ತೆ ಯಾಕೆ ಇದನ್ನೇ ಮಾರುತ್ತಾರೆ?

ಕೆಟ್ಟ ಬುದ್ಧಿಯಿಂದಲ್ಲ. ಪಿವಿಸಿ ಅಗ್ಗ, ಗಾಜಿನ ಹಾಗೆ ಪಾರದರ್ಶಕ, ಮೃದು. ಇದಕ್ಕಿಂತ ದೊಡ್ಡ ಕಾರಣ ತಯಾರಿಕೆಯಲ್ಲಿದೆ. ಒಂದು ಹಾಳೆಯಲ್ಲಿ ಇಪ್ಪತ್ತು ಕಿಸೆ ಮಾಡಬೇಕಾದರೆ ಎರಡು ಪದರ ಇಟ್ಟು ಗೆರೆಗೆರೆಯಾಗಿ ಬೆಸೆಯಬೇಕು. ಪಿವಿಸಿಯ ಕಾರ್ಬನ್-ಕ್ಲೋರಿನ್ ಬಂಧ ಪೋಲಾರ್. ರೇಡಿಯೋ ತರಂಗದ ಕ್ಷೇತ್ರದಲ್ಲಿಟ್ಟರೆ, ಸಾಮಾನ್ಯವಾಗಿ 27.12 ಮೆಗಾಹರ್ಟ್ಸ್, ಆ ದ್ವಿಧ್ರುವಗಳು ಅಲುಗಾಡಿ ಒಳಗಿನಿಂದಲೇ ಬಿಸಿಯಾಗಿ ಎರಡು ಪದರ ಅಚ್ಚುಕಟ್ಟಾಗಿ ಬೆಸೆದುಕೊಳ್ಳುತ್ತವೆ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಎರಡೂ ಪೋಲಾರ್ ಅಲ್ಲ, ಈ ಯಂತ್ರಕ್ಕೆ ಅವು ಸ್ಪಂದಿಸುವುದೇ ಇಲ್ಲ. ಬೇರೆ ವಿಧಾನ ಬೇಕು, ಬೇರೆ ಯಂತ್ರ ಬೇಕು. ಫೈಲು, ಪಾಸ್‌ಬುಕ್ ಕವರ್ ಮಾಡುವ ಯಂತ್ರದಲ್ಲೇ ನಾಣ್ಯದ ಹಾಳೆಯೂ ಹೊರಬರುತ್ತದೆ ಅಂದಮೇಲೆ ಅದು ಪಿವಿಸಿಯೇ ಆಗಿರುವ ಸಾಧ್ಯತೆ ಜಾಸ್ತಿ. ಇ ಅಂಡ್ ಸಿ ಹುಡುಗರಿಗೆ ಡೈಎಲೆಕ್ಟ್ರಿಕ್ ಲಾಸ್ ಎಲ್ಲಿ ಉಪಯೋಗ ಅಂತ ಕೇಳಿದರೆ ಇದನ್ನೂ ಹೇಳಬಹುದು.

ಯಾವುದು ಸರಿ

ನಂಬಬಹುದಾದ ಹೆಸರು ನಾಲ್ಕೈದು ಇವೆ. ಪಾಲಿಎಸ್ಟರ್ ಅಂದ್ರೆ ಪೆಟ್, ಮೈಲಾರ್, ಮೆಲಿನೆಕ್ಸ್ ಅಂತ ಮಾರಾಟದ ಹೆಸರುಗಳು. ಪಾಲಿಪ್ರೊಪಿಲೀನ್. ಪಾಲಿಎಥಿಲೀನ್. ಗಟ್ಟಿ ಕ್ಯಾಪ್ಸೂಲುಗಳಿಗೆ ಪಾಲಿಸ್ಟೈರೀನ್ ಮತ್ತು ಆಕ್ರಿಲಿಕ್. ಇವುಗಳಿಗೆ ಮೆತ್ತಗಾಗಲು ಎಣ್ಣೆ ಬೇಕಿಲ್ಲ, ಇವುಗಳ ಸರಪಳಿಯಲ್ಲಿ ಕ್ಲೋರಿನ್ ಇಲ್ಲ.

ಪೆಟ್ ಹಾಳೆ ಅತಿ ಸ್ಥಿರ, ಅತಿ ಸ್ವಚ್ಛ, ಆದರೆ ಗಡುಸು. ಅಂಚು ಚೂಪಾಗಿದ್ದರೆ ನಾಣ್ಯ ಒಳಗೆ ತುರುಕುವಾಗ ಗೀರು ಬೀಳಬಹುದು, ಮಡಚಿದ ಕಡೆ ಸೀಳುತ್ತದೆ. ಪಾಲಿಪ್ರೊಪಿಲೀನ್ ಸ್ವಲ್ಪ ಮಂಜು ಮಂಜು ಕಂಡರೂ ಬಾಳಿಕೆ ಒಳ್ಳೆಯದು, ಕೈಗೆ ಹಿತ. ನಮ್ಮಂಥ ವಿದ್ಯಾರ್ಥಿಗಳಿಗೆ ನನ್ನ ಆಯ್ಕೆ ಇದೇ: ಸಾಮಾನ್ಯ ನಾಣ್ಯಗಳಿಗೆ ಪಾಲಿಪ್ರೊಪಿಲೀನ್ ಹಾಳೆ, ಮನೆಗೆ ಮುಖ್ಯವಾದ ನಾಲ್ಕೈದಕ್ಕೆ ಸರಿಯಾದ ಅಳತೆಯ ಗಟ್ಟಿ ಕ್ಯಾಪ್ಸೂಲ್. ರಟ್ಟಿನ ಚೌಕದ ನಡುವೆ ಪೆಟ್ ಕಿಟಕಿ ಇರುವ ಹೋಲ್ಡರುಗಳೂ ಚೆನ್ನ. ಸ್ಟೇಪಲ್ ಪಿನ್ನಿನ ತುದಿಯನ್ನು ಮಾತ್ರ ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯ ಗೀರುತ್ತದೆ. ರಟ್ಟಿನ ಹೋಲ್ಡರನ್ನು ಮತ್ತೆ ಪಿವಿಸಿ ಹಾಳೆಯ ಕಿಸೆಯೊಳಗೆ ಹಾಕಿ ಇಡುವವರನ್ನೂ ನೋಡಿದ್ದೇನೆ. ಛತ್ರಿ ಹಿಡಿದು ಹೊಳೆಯಲ್ಲಿ ನಿಂತ ಹಾಗೆ ಅದು.

ಪೊಟ್ಟಣದ ಮೇಲೆ ‘ಆರ್ಕೈವಲ್’ ಅಂತ ಬರೆದಿದ್ದರೆ ಅದೊಂದನ್ನೇ ನಂಬಬೇಡಿ, ಆ ಪದ ಯಾರು ಬೇಕಾದರೂ ಅಚ್ಚು ಹಾಕಬಹುದು. ಯಾವ ಪಾಲಿಮರ್ ಅಂತ ಹೆಸರು ಹೇಳಿದ್ದಾರಾ ನೋಡಿ. ತ್ರಿಕೋನದೊಳಗಿನ ಅಂಕಿ ಇದ್ದರೆ ಇನ್ನೂ ಸುಲಭ: 1 ಪೆಟ್, 2 ಮತ್ತು 4 ಪಾಲಿಎಥಿಲೀನ್, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್. 3 ಕಂಡರೆ ವಾಪಸ್ ಇಡಿ, ಅದು ಪಿವಿಸಿ. 7 ಅಂದ್ರೆ ‘ಇತರೆ’, ಏನೂ ಹೇಳಿದ ಹಾಗಲ್ಲ.

ಅಂಕಿಯೂ ಇಲ್ಲ, ಹೆಸರೂ ಇಲ್ಲ ಅಂದರೆ ಪರೀಕ್ಷೆ ನಾವೇ ಮಾಡಬಹುದು. ಮೊದಲು ಕೈ, ಕಿವಿ, ಮೂಗು. ಪೆಟ್ ಮತ್ತು ಪಾಲಿಪ್ರೊಪಿಲೀನ್ ಹಿಸುಕಿದರೆ ಚರಚರ ಅನ್ನುತ್ತವೆ. ಮೃದು ಪಿವಿಸಿ ಸದ್ದಿಲ್ಲದೆ ಮಡಚುತ್ತದೆ, ಎಳೆದರೆ ಹಿಗ್ಗುತ್ತದೆ, ಎರಡು ಹಾಳೆ ಒತ್ತಿದರೆ ಅಂಟುತ್ತದೆ, ವಾಸನೆಯೂ ಇರುತ್ತದೆ. ಇಷ್ಟರಲ್ಲೇ ಬಹಳಷ್ಟು ಗೊತ್ತಾಗುತ್ತದೆ, ಆದರೂ ಇದು ಅಂದಾಜು.

ಆಮೇಲೆ ನೀರು. ಹಾಳೆಯ ಮೂಲೆಯಿಂದ ಉಗುರಿನಷ್ಟು ಕತ್ತರಿಸಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬಿಡಿಸಿ, ಕೈ ಬಿಡಿ. ಪಾಲಿಪ್ರೊಪಿಲೀನ್ ಸಾಂದ್ರತೆ 0.9, ಪಾಲಿಎಥಿಲೀನ್ 0.91ರಿಂದ 0.97, ಎರಡೂ ತೇಲುತ್ತವೆ. ತೇಲಿದರೆ ಪಾಸ್, ಮುಂದಿನ ಪರೀಕ್ಷೆ ಬೇಡ. ಪೆಟ್ 1.38, ಮೃದು ಪಿವಿಸಿ 1.2ರ ಮೇಲೆ ಕೆಳಗೆ, ಎರಡೂ ಮುಳುಗುತ್ತವೆ. ಮುಳುಗಿದ್ದು ಇವೆರಡರಲ್ಲಿ ಯಾವುದು ಅಂತ ತಿಳಿಯಲು ಬೈಲ್‌ಸ್ಟೈನ್ ಪರೀಕ್ಷೆ ಬೇಕು. 1872ರಷ್ಟು ಹಳೆಯದು, ಇವತ್ತಿಗೂ ನಡೆಯುತ್ತದೆ. ತಾಮ್ರದ ತಂತಿಯನ್ನು ಬನ್ಸೆನ್ ಜ್ವಾಲೆಯಲ್ಲಿ ಹಸಿರು ಬಣ್ಣ ಏನೂ ಬರದಷ್ಟು ಕಾಯಿಸಿ, ಬಿಸಿ ತಂತಿಯನ್ನು ಪ್ಲಾಸ್ಟಿಕ್ಕಿಗೆ ತಾಗಿಸಿ ಒಂದು ಚೂರು ಹತ್ತಿಸಿಕೊಂಡು, ಮತ್ತೆ ಜ್ವಾಲೆಗೆ ಹಿಡಿಯಬೇಕು. ಹಸಿರು ಜ್ವಾಲೆ ಮಿಂಚಿದರೆ ಕ್ಲೋರಿನ್ ಇದೆ, ಪಿವಿಸಿ ಅಂತ ಬಿಟ್ಟುಬಿಡಿ. ಪೆಟ್ ಇದ್ದರೆ ಹಸಿರು ಬರುವುದಿಲ್ಲ. ಇದನ್ನು ಹಾಸ್ಟೆಲ್ ರೂಮಿನಲ್ಲಿ ಮಾತ್ರ ಮಾಡಬ್ಯಾಡ್ರಿ. ಪಿವಿಸಿ ಸುಟ್ಟ ಹೊಗೆ ವಿಷ. ಕೆಮಿಸ್ಟ್ರಿ ಲ್ಯಾಬಿನ ಫ್ಯೂಮ್ ಹುಡ್‌ನಲ್ಲಿ, ಸಿಬ್ಬಂದಿ ಎದುರಿಗೆ, ಅಕ್ಕಿಕಾಳಿನಷ್ಟು ಚೂರು ಸಾಕು. ನಾವು ಕಾಕಾನ ಆಲ್ಬಮಿನ ಒಂದು ಮೂಲೆ ತಂದು ಹೀಗೇ ಮಾಡಿದೆವು. ಜ್ವಾಲೆ ಎಷ್ಟು ಚಂದ ಹಸಿರಾಯಿತು ಅಂದ್ರೆ, ಪಕ್ಕದ ಬೆಂಚಿನವರೂ ತಿರುಗಿ ನೋಡಿದರು.

ಆಗಲೇ ಹಸಿರಾದ ನಾಣ್ಯಕ್ಕೆ

ಎಲ್ಲ ಹಸಿರೂ ಒಂದೇ ಅಲ್ಲ. ಕಡ್ಡಿಯಿಂದ ಮುಟ್ಟಿದರೆ ಜಿಗುಟಾಗಿ ಅಂಟಿ ಬಂದರೆ ಅದು ಪಿವಿಸಿಯದ್ದು. ಗಟ್ಟಿಯಾಗಿ, ಸಮನಾಗಿ ಕೂತ ಮಾಸಲು ಹಸಿರು ಅಥವಾ ಕಂದು ಹಳೆಯ ಪಟಿನಾ, ಅದನ್ನು ಮುಟ್ಟಬೇಡಿ, ಅದು ನಾಣ್ಯದ ಚರ್ಮ ಇದ್ದಂತೆ. ತಿಳಿಹಸಿರು ಪುಡಿ ಉದುರುತ್ತಿದ್ದು, ಒರೆಸಿದರೂ ಮತ್ತೆ ಬಂದರೆ ಅದು ಕಂಚಿನ ರೋಗ. ಮಣ್ಣಿನಲ್ಲಿ ಬಹಳ ಕಾಲ ಇದ್ದ ಬಹಮನಿ ತಾಮ್ರದ ನಾಣ್ಯಗಳಲ್ಲಿ ಇದರ ಭಯ ಹೆಚ್ಚು. ಒಳಗೆ ಉಳಿದ ಕ್ಲೋರೈಡ್ ತೇವ ಸಿಕ್ಕಾಗಲೆಲ್ಲ ಮತ್ತೆ ಕೆಲಸ ಶುರು ಮಾಡುತ್ತದೆ. ಅಂಥದನ್ನು ಬೇರೆ ನಾಣ್ಯಗಳಿಂದ ಪ್ರತ್ಯೇಕಿಸಿ ಒಣ ಡಬ್ಬಿಯಲ್ಲಿಟ್ಟು, ಸಂರಕ್ಷಣೆ ಬಲ್ಲವರಿಗೆ ತೋರಿಸುವುದು ಲೇಸು.

ಪಿವಿಸಿ ಜಿಗುಟಿಗೆ ಮದ್ದು ಶುದ್ಧ ಅಸಿಟೋನ್. ಉಗುರು ಬಣ್ಣ ತೆಗೆಯುವ ಬಾಟಲಿ ಅಲ್ಲ, ಅದರಲ್ಲಿ ಸುಗಂಧ, ಎಣ್ಣೆ, ಬಣ್ಣ ಎಲ್ಲ ಇರುತ್ತವೆ. ಗಾಜಿನ ಬಟ್ಟಲಿನಲ್ಲಿ ಅಸಿಟೋನ್ ಹಾಕಿ ನಾಣ್ಯವನ್ನು ಕೆಲವು ನಿಮಿಷ ಮುಳುಗಿಸಿ, ಉಜ್ಜದೆ ತೆಗೆದು, ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ, ಗಾಳಿಗೆ ಬಿಡಿ. ತಾನೇ ಆರುತ್ತದೆ. ಪ್ಲಾಸ್ಟಿಕ್ ಬಟ್ಟಲು ಬೇಡ, ಪಾಲಿಸ್ಟೈರೀನ್ ಕಪ್ ಆದರೆ ಕರಗಿಯೇ ಹೋಗುತ್ತದೆ. ಕಿಟಕಿ ತೆರೆದಿರಲಿ. ಇದು ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುವ ದ್ರವ, ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ ಖಂಡಿತ ಬೇಡ. ಅಸಿಟೋನ್ ಎಣ್ಣೆ ಜಿಗುಟನ್ನು ತೆಗೆಯುತ್ತದೆ, ಲೋಹವನ್ನು ತಿನ್ನುವುದಿಲ್ಲ. ಆದರೆ ಆಸಿಡ್ ಕೊರೆದ ಗುಂಡಿಯನ್ನು ತುಂಬಿಸಿಕೊಡುವ ದ್ರವ ಯಾವುದೂ ಇಲ್ಲ. ನಮ್ಮ ಎರಡು ಪೈಗಳಲ್ಲಿ ಮೂರು ಪೂರ್ತಿ ತಿಳಿಯಾದವು. ಒಂದರ ಮೇಲಿನ ಅಕ್ಷರ ಹೋಗಿದ್ದು ಹೋಗೇ ಬಿಟ್ಟಿತು.

ಹುಣಸೆಹುಳಿ, ನಿಂಬೆಹಣ್ಣು, ಬೂದಿ, ಪೀತಾಂಬರಿ ಪುಡಿ ಇವು ತಾಮ್ರದ ಕೊಡಕ್ಕೆ ಸರಿ. ನಾಣ್ಯಕ್ಕೆ ಹಚ್ಚಿದರೆ ಫಳಫಳ ಹೊಳೆಯುತ್ತದೆ ನಿಜ, ಹೊಳೆಯುವುದು ಮೇಲಿನ ಪದರ ಕಿತ್ತುಹೋದದ್ದರಿಂದ. ಸಂಗ್ರಹಕಾರರು ಅಂಥ ನಾಣ್ಯವನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೆಳಗಿಡುತ್ತಾರೆ.

ಲಕ್ಷ್ಮೀ ಪೂಜೆಯ ವಿಷಯವೂ ಇಲ್ಲೇ ಹೇಳಬೇಕು. ಬೆಳ್ಳಿ ರೂಪಾಯಿಯನ್ನು ಹಾಲಿನಲ್ಲಿ ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಅದೇ ಒದ್ದೆಯಲ್ಲಿ ಕಿಸೆಗೆ ತುರುಕಿದರೆ ಯಾವ ಒಳ್ಳೆಯ ಪ್ಲಾಸ್ಟಿಕ್ಕೂ ಕಾಪಾಡುವುದಿಲ್ಲ. ಪೂಜೆ ಬಿಡಿ ಅಂತ ಅಜ್ಜಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳುವ ಅಗತ್ಯವೂ ಇಲ್ಲ. ಒಂದು ರೂಪಾಯಿಯನ್ನು ಪೂಜೆಗೇ ಅಂತ ಬೇರೆ ಇಟ್ಟೆವು, ಉಳಿದವು ಹಾಳೆಯೊಳಗಿಂದಲೇ ದೀಪ ನೋಡಿದವು.

ಹಾಳೆ ಸರಿಯಾದರೂ ಜಾಗ ಸರಿಯಿರಬೇಕು. ರಬ್ಬರ್ ಬ್ಯಾಂಡಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿ ಕಪ್ಪಾಗುವುದು ಅದರಿಂದಲೂ. ಹೊಸ ಪ್ಲೈವುಡ್ ಕಪಾಟು ಸಾವಯವ ಆಮ್ಲಗಳ ಆವಿ ಬಿಡುತ್ತದೆ. ಸಾತವಾಹನರ ಸೀಸದ ನಾಣ್ಯ ಯಾರ ಹತ್ತಿರವಾದರೂ ಇದ್ದರೆ ಅದಕ್ಕೆ ಮರದ ಪೆಟ್ಟಿಗೆಯೇ ವೈರಿ, ಬಿಳಿ ಪುಡಿಯಾಗಿ ಉದುರುತ್ತದೆ. ಬಣ್ಣ ಹಚ್ಚಿದ ಸ್ಟೀಲ್ ಕಪಾಟು, ನೆಲಮಟ್ಟದ ತಂಪು ಕೋಣೆ, ಮಳೆಗಾಲದಲ್ಲಿ ಒಂದು ಪೊಟ್ಟಣ ಸಿಲಿಕಾ ಜೆಲ್. ತೇವಾಂಶ ನೂರಕ್ಕೆ 40ರ ಕೆಳಗಿದ್ದರೆ ಕಂಚಿನ ರೋಗ ಬಹುತೇಕ ಮಲಗಿರುತ್ತದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಬೆರಳ ಬೆವರಿನಲ್ಲೂ ಉಪ್ಪಿದೆ, ಉಪ್ಪು ಅಂದ್ರೆ ಮತ್ತೆ ಕ್ಲೋರೈಡ್.

ನಿಜಾಮರ ಕಾಲದ ನೋಟು ಇದ್ದವರಿಗೆ ಒಂದೇ ಮಾತು: ಲ್ಯಾಮಿನೇಷನ್ ಬೇಡ. ಬಿಸಿ ಮಾಡಿ ಅಂಟಿಸಿದ್ದನ್ನು ಮತ್ತೆ ಬಿಡಿಸಲಾಗದು. ಪೆಟ್ ಕವರಿನಲ್ಲಿ ಸಡಿಲವಾಗಿಡಿ. ಅಸಿಟೋನ್ ಕಾಗದಕ್ಕೆ ತಾಗಿಸಲೇಬೇಡಿ.

ಹೊಲ ಉಳುವಾಗ, ಅಡಿಪಾಯ ಅಗೆಯುವಾಗ ಗಡಿಗೆಗಟ್ಟಲೆ ನಾಣ್ಯ ಸಿಕ್ಕರೆ ಅದು ಹಾಳೆಯ ಪ್ರಶ್ನೆಯೇ ಅಲ್ಲ. ನಿಧಿ ಕಾಯ್ದೆ ಪ್ರಕಾರ ಅಂಥ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ತೊಳೆಯಬೇಡಿ, ಹಂಚಬೇಡಿ, ಮಣ್ಣು ಸಮೇತ ಹಾಗೇ ಇರಲಿ. ಯಾವ ನಾಣ್ಯದ ಪಕ್ಕ ಯಾವುದಿತ್ತು ಅನ್ನುವುದೂ ಓದುವವರಿಗೆ ಒಂದು ಸುಳಿವು.

ಮನೆಯ ನಾಣ್ಯಗಳಿಗೆ ಸುಳಿವು ನಾವೇ ಬರೆಯಬೇಕು. ಹಾಳೆ ಬದಲಿಸುವಾಗ ಪ್ರತಿ ಕಿಸೆಗೂ ಒಂದು ನಂಬರ್ ಕೊಟ್ಟು, ಬೇರೆ ವಹಿಯಲ್ಲಿ ಪೆನ್ಸಿಲಿನಿಂದ ನಾಣ್ಯದ ಹೆಸರು, ಯಾರ ಕೈಯಿಂದ ಬಂತು, ಹಾಳೆ ಬದಲಿಸಿದ ತಾರೀಖು ಬರೆದಿಟ್ಟೆ. ಚೀಟಿಯನ್ನು ನಾಣ್ಯದ ಜೊತೆ ಒಂದೇ ಕಿಸೆಯಲ್ಲಿ ಹಾಕಲಿಲ್ಲ, ಸಾದಾ ಕಾಗದದಲ್ಲೂ ಆಮ್ಲ ಇರುತ್ತದೆ. ಹನ್ನೆರಡನೇ ನಂಬರಿನ ಚೌಕದ ಒಂದಾಣೆ ಅಜ್ಜಿಗೆ ತವರಿನಿಂದ ಬಂದದ್ದಂತೆ. ಅದು ಬರೆಯುವಾಗಲೇ ಗೊತ್ತಾಯಿತು.